ನಿರೂಪಕನ ಬಾಯಿ ಮುಚ್ಚಿಸಿದವನು: ಹಂಫ್ರಿ ಜೆನ್ನಿಂಗ್ಸ್ ಬಗ್ಗೆ ಆಡಿದ ಮಾತು

(ಒಂದು ಫಿಲ್ಮ್ ಸೊಸೈಟಿಯಲ್ಲಿ, ಚಿತ್ರ ಪ್ರದರ್ಶನಕ್ಕೆ ಮುಂಚೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ತಡವರಿಸಿದ್ದನ್ನು ತೆಗೆದಿದ್ದೇನೆ, ದಾರಿ ತಪ್ಪಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತಪ್ಪೊಪ್ಪಿಗೆ. ಇವತ್ತು ತೋರಿಸಲಿರುವ ಇಪ್ಪತ್ತು ನಿಮಿಷದ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ರಾತ್ರಿ ಹನ್ನೆರಡು ದಾಟಿದ ಮೇಲೆ, ಲ್ಯಾಪ್‌ಟಾಪಿನಲ್ಲಿ, ಮನೆಯವರಿಗೆ ಎಚ್ಚರ ಆಗದಿರಲಿ ಅಂತ ಸೌಂಡ್ ತೀರಾ ಕಡಿಮೆ ಇಟ್ಟುಕೊಂಡು. ಏನೂ ಅನ್ನಿಸಲಿಲ್ಲ. ಗಾಳಿಗೆ ತೂಗುವ ಪೈರು, ಮೇಲೆ ಯುದ್ಧವಿಮಾನ, ಯಾರೋ ಕುಣಿಯುತ್ತಾರೆ, ಯಾರೋ ಗಣಿಗೆ ಇಳಿಯುತ್ತಾರೆ, ಒಂದು ರೈಲು. ಶೂಟಿಂಗ್‌ನಲ್ಲಿ ಉಳಿದ ತುಂಡುಗಳನ್ನು ಸುಮ್ನೆ ಅಂಟಿಸಿದ್ದಾರೆ ಅಂದುಕೊಂಡು ಮಲಗಿಬಿಟ್ಟೆ. ಚಿತ್ರದ ಹೆಸರು 'ಲಿಸನ್ ಟು ಬ್ರಿಟನ್', ಮಾಡಿದವನು ಬ್ರಿಟಿಷ್ ಸಾಕ್ಷ್ಯಚಿತ್ರ ನಿರ್ದೇಶಕ ಹಂಫ್ರಿ ಜೆನ್ನಿಂಗ್ಸ್. ಹೆಸರಿನಲ್ಲೇ ಕೇಳಿ ಅಂತ ಹೇಳಿದ್ದಾನೆ ಮಹರಾಯ, ನಾನು ಕಿವಿ ಬಿಟ್ಟು ಬರೀ ಕಣ್ಣಲ್ಲಿ ನೋಡಿದ್ದೆ.

ಕೆಲವು ತಿಂಗಳಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಅವೇ ತುಂಡುಗಳು. ಆದರೆ ಈ ಸಲ ಒಂದು ತುಂಡಿನ ಸದ್ದು ಮುಂದಿನ ತುಂಡಿನ ಒಳಗೆ ಹೋಗಿ ಕೂರುವುದು ಕೇಳಿಸಿತು. ಇಡೀ ಚಿತ್ರದಲ್ಲಿ ಯಾರೂ ನನಗೆ ಏನನ್ನೂ ವಿವರಿಸುತ್ತಿರಲಿಲ್ಲ. ಇದು ಇಂಥ ಊರು, ಇವರು ಇಂಥವರು, ಇವರ ಧೈರ್ಯ ನೋಡಿ, ಊಹೂಂ, ಒಂದು ಮಾತೂ ಇಲ್ಲ. ಮಾಡಿದ್ದು 1942ರಲ್ಲಿ. ದುಡ್ಡು ಕೊಟ್ಟದ್ದು ಸರ್ಕಾರದ ಮಾಹಿತಿ ಸಚಿವಾಲಯ. ತಲೆ ಮೇಲೆ ಬಾಂಬು ಬೀಳುವ ಕಾಲ. ಅಂಥ ಹೊತ್ತಿನಲ್ಲಿ ಪ್ರಚಾರಚಿತ್ರ ಮಾಡಿ ಅಂತ ಕೂರಿಸಿದರೆ, ಈ ಮನುಷ್ಯ ಮಾತೇ ಇಲ್ಲದ ಚಿತ್ರ ಮಾಡಿ ಕೊಟ್ಟ.

ನಮ್ಮಲ್ಲಿ ಥಿಯೇಟರಿನಲ್ಲಿ ಸಿನಿಮಾಗೆ ಮುಂಚೆ ಬರುತ್ತಿದ್ದ ಸರ್ಕಾರಿ ವಾರ್ತಾಚಿತ್ರ ನೋಡಿದವರಿಗೆ ಸಾಕ್ಷ್ಯಚಿತ್ರದ ಆ ದನಿ ಚೆನ್ನಾಗಿ ಗೊತ್ತಿರುತ್ತದೆ. ಗಂಭೀರವಾದ, ಎಲ್ಲ ಬಲ್ಲ, ಮುಖವೇ ಇಲ್ಲದ ದನಿ. ತೆರೆ ಮೇಲೆ ರೈತ ಉಳುತ್ತಿದ್ದರೆ, ರೈತ ಉಳುತ್ತಿದ್ದಾನೆ ಅಂತ ಹೇಳುತ್ತದೆ. ನನ್ನ ಲೆಕ್ಕದಲ್ಲಿ ಜೆನ್ನಿಂಗ್ಸ್‌ನ ಹದಿನಾರು ವರ್ಷದ ಸಿನಿಮಾ ಕೆಲಸ ಅಂದರೆ ಈ ದನಿಯ ಜೊತೆ ನಡೆಸಿದ ಜಗಳ. ಕೆಲವು ಸಲ ಗೆದ್ದ, ಕೆಲವು ಸಲ ರಾಜಿಯಾದ, ಕೊನೆಗೆ ಬಹುಶಃ ಸೋತ. ಇವತ್ತು ಆ ಜಗಳದ ಕಥೆಯನ್ನಷ್ಟೇ ಹೇಳುತ್ತೇನೆ.

ಇವನಿಗೆ ಕವಿ ಅನ್ನುವ ಬಿರುದು ಬಂದದ್ದು ಸತ್ತ ಮೇಲೆ. 1954ರಲ್ಲಿ ಲಿಂಡ್ಸೆ ಆಂಡರ್ಸನ್, ಆಮೇಲೆ ದೊಡ್ಡ ನಿರ್ದೇಶಕ ಆದವನು, 'ಸೈಟ್ ಅಂಡ್ ಸೌಂಡ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಬ್ರಿಟಿಷ್ ಸಿನಿಮಾ ಇಲ್ಲಿತನಕ ಕೊಟ್ಟ ನಿಜವಾದ ಕವಿ ಅಂದರೆ ಇವನೊಬ್ಬನೇ ಅನ್ನುವ ಅರ್ಥದ ಮಾತನ್ನು ಅದರಲ್ಲಿ ಹೇಳಿದ. ಅಲ್ಲಿಂದ ಆ ಮಾತು ಅಂಟಿಕೊಂಡಿತು. ಆದರೆ ಕಾವ್ಯಾತ್ಮಕ ಅನ್ನುವ ಪದ ಕೇಳಿದ ತಕ್ಷಣ ನಮ್ಮ ತಲೆಗೆ ಬರುವುದು ನಿಧಾನವಾದ ಸೂರ್ಯಾಸ್ತ, ಮಂಜು, ಕೊಳಲು. ಅದೆಲ್ಲ ಮರೆತುಬಿಡಿ. ಇವನ ಚಿತ್ರಗಳಲ್ಲಿ ಜಾಸ್ತಿ ಇರುವುದು ಫ್ಯಾಕ್ಟರಿ, ಕ್ಯಾಂಟೀನು, ಟೀ ಕಪ್ಪು, ಬೂಟಿನ ಸದ್ದು.

ಹುಟ್ಟಿದ್ದು 1907ರಲ್ಲಿ, ಇಂಗ್ಲೆಂಡಿನ ಸಫೋಕ್ ಕರಾವಳಿಯ ವಾಲ್ಬರ್ಸ್‌ವಿಕ್ ಅನ್ನುವ ಹಳ್ಳಿಯಲ್ಲಿ. ಅಪ್ಪ ಕಟ್ಟಡಗಳ ನಕ್ಷೆ ಮಾಡುವವರು, ಅಮ್ಮ ಚಿತ್ರ ಬರೆಯುವವರು. ಕೇಂಬ್ರಿಡ್ಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ. ಕವಿತೆ ಬರೆದ, ಪೇಂಟಿಂಗ್ ಮಾಡಿದ, ನಾಟಕಗಳಿಗೆ ರಂಗಸಜ್ಜಿಕೆ ಮಾಡಿದ, ಶೇಕ್ಸ್‌ಪಿಯರ್‌ನ ಒಂದು ಕಾವ್ಯವನ್ನು ಸಂಪಾದಿಸಿದ, ಹದಿನೆಂಟನೇ ಶತಮಾನದ ಕವಿ ಥಾಮಸ್ ಗ್ರೇ ಮೇಲೆ ಪಿಎಚ್‌ಡಿ ಶುರು ಮಾಡಿ ಅರ್ಧಕ್ಕೆ ಬಿಟ್ಟ. ಅಷ್ಟರಲ್ಲಿ ಮದುವೆ ಆಗಿತ್ತು, ಮಗು ಇತ್ತು, ಕೈಯಲ್ಲಿ ಕಾಸಿರಲಿಲ್ಲ. 1934ರಲ್ಲಿ ಸಿನಿಮಾಗೆ ಬಂದದ್ದು ಕಲೆಯ ಹಂಬಲದಿಂದ ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತದೆ. ಹೊಟ್ಟೆಪಾಡಿಗೆ ಬಂದ, ಅಷ್ಟೇ.

ಬಂದದ್ದು ಎಲ್ಲಿಗೆ? ಅಂಚೆ ಇಲಾಖೆಗೆ! ಬ್ರಿಟನ್ನಿನ ಜನರಲ್ ಪೋಸ್ಟ್ ಆಫೀಸಿಗೆ ಆಗ ತನ್ನದೇ ಸಿನಿಮಾ ಘಟಕ ಇತ್ತು. ಟೆಲಿಫೋನ್, ಉಳಿತಾಯ ಖಾತೆ, ಕಾಗದ ಹೊತ್ತು ಓಡುವ ರಾತ್ರಿ ರೈಲು, ಇವೆಲ್ಲದರ ಬಗ್ಗೆ ಜನರಿಗೆ ತಿಳಿಸೋಕೆ. ಅದನ್ನು ನಡೆಸುತ್ತಿದ್ದವನು ಜಾನ್ ಗ್ರಿಯರ್ಸನ್, ಸಾಕ್ಷ್ಯಚಿತ್ರ ಚಳವಳಿಯ ಪಿತಾಮಹ. ಸಿನಿಮಾ ಅಂದರೆ ಉಪದೇಶದ ಕಟ್ಟೆ ಅಂತ ನಂಬಿದ್ದ ಕಟ್ಟಾ ಸ್ಕಾಟಿಷ್ ಮನುಷ್ಯ. ಅವನ ಶಿಷ್ಯರ ಕಣ್ಣಿಗೆ ಜೆನ್ನಿಂಗ್ಸ್ ಒಬ್ಬ ಷೋಕಿಲಾಲ. ಎಲ್ಲದಕ್ಕೂ ಕೈ ಹಾಕುತ್ತಾನೆ, ಯಾವುದನ್ನೂ ಮುಗಿಸುವುದಿಲ್ಲ ಅನ್ನುವ ಗುಮಾನಿ. ಅದು ಪೂರ್ತಿ ಸುಳ್ಳೂ ಅಲ್ಲ.

ಯಾಕೆಂದರೆ ಈ ಕೆಲಸದ ಜೊತೆ ಜೊತೆಗೇ ಅವನು ಇನ್ನೂ ಎರಡು ಕಡೆ ಓಡಾಡುತ್ತಿದ್ದ. 1936ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸರ್ರಿಯಲಿಸ್ಟ್ ಕಲಾಪ್ರದರ್ಶನ, ಅಂದರೆ ಕನಸಿನಂಥ ವಿಚಿತ್ರ ಕಲೆಯ ಪ್ರದರ್ಶನ, ನಡೆಯಿತು. ಚಿತ್ರಕಾರ ಸಾಲ್ವಡಾರ್ ಡಾಲಿ ಮುಳುಗುಗಾರರ ಉಡುಪು ಹಾಕಿಕೊಂಡು ಭಾಷಣಕ್ಕೆ ನಿಂತು, ಒಳಗೆ ಉಸಿರು ಕಟ್ಟಿ, ಜನ ಓಡಿಬಂದು ತಲೆಯ ಹೆಲ್ಮೆಟ್ ಬಿಚ್ಚಬೇಕಾಯಿತು ಅನ್ನುವ ಕಥೆ ಕೇಳಿರಬಹುದು, ಅದೇ ಪ್ರದರ್ಶನ. ಅದನ್ನು ಏರ್ಪಡಿಸಿದ ಸಮಿತಿಯಲ್ಲಿ ಜೆನ್ನಿಂಗ್ಸ್ ಇದ್ದ. ಸಂಬಂಧವೇ ಇಲ್ಲದ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟರೆ ಮೂರನೆಯದೇನೋ ಹುಟ್ಟುತ್ತದೆ ಅನ್ನುವ ರುಚಿ ಅವನಿಗೆ ಹತ್ತಿದ್ದು ಅಲ್ಲಿ.

ಮರುವರ್ಷ ಮಾಸ್ ಅಬ್ಸರ್ವೇಷನ್. ಟಾಮ್ ಹ್ಯಾರಿಸನ್, ಕವಿ ಚಾರ್ಲ್ಸ್ ಮ್ಯಾಜ್ ಮತ್ತು ಇವನು ಸೇರಿ ಕಟ್ಟಿದ್ದು. ನಮ್ಮದೇ ಜನರ ದಿನನಿತ್ಯದ ಬದುಕನ್ನು, ಕಾಡಿನ ಬುಡಕಟ್ಟನ್ನು ಅಧ್ಯಯನ ಮಾಡುವ ಹಾಗೆ ಗಮನಿಸಿ ಬರೆದಿಡೋಣ ಅನ್ನುವ ಯೋಜನೆ. 1937ರ ಮೇ 12, ಆರನೇ ಜಾರ್ಜ್‌ನ ಪಟ್ಟಾಭಿಷೇಕದ ದಿನ, ದೇಶದ ತುಂಬ 200ಕ್ಕೂ ಹೆಚ್ಚು ಸಾಮಾನ್ಯ ಜನ ಅವತ್ತು ಕಂಡದ್ದು, ಕೇಳಿದ್ದು ಎಲ್ಲ ಬರೆದು ಕಳಿಸಿದರು. ಜೆನ್ನಿಂಗ್ಸ್ ಮತ್ತು ಮ್ಯಾಜ್ ಅದನ್ನೆಲ್ಲ ಕತ್ತರಿಸಿ ಜೋಡಿಸಿ ಪುಸ್ತಕ ಮಾಡಿದರು. ಒಬ್ಬರು ಬರೆದದ್ದರ ಪಕ್ಕ ಇನ್ನೊಬ್ಬರು ಬರೆದದ್ದು, ಮೆರವಣಿಗೆಯ ಪಕ್ಕ ಅಡುಗೆಮನೆ. ಎಡಿಟಿಂಗ್ ಟೇಬಲ್ ಮೇಲೆ ಮಾಡುವ ಕೆಲಸವನ್ನು ಅವನು ಕಾಗದದ ಮೇಲೆ ಮಾಡಿ ಕೈ ಪಳಗಿಸಿಕೊಂಡಿದ್ದ.

ಅದರ ಫಲ 1939ರ 'ಸ್ಪೇರ್ ಟೈಮ್'. ಹದಿನೈದು ನಿಮಿಷದ ಚಿತ್ರ. ಉಕ್ಕು, ಹತ್ತಿ, ಕಲ್ಲಿದ್ದಲು, ಈ ಮೂರು ಉದ್ಯಮದ ಜನ ಕೆಲಸ ಮುಗಿದ ಮೇಲೆ ಏನು ಮಾಡುತ್ತಾರೆ ಅನ್ನುವುದಷ್ಟೇ ವಿಷಯ. ನಿರೂಪಣೆ ಇದೆ, ಆದರೆ ನಾಲ್ಕೈದು ವಾಕ್ಯಕ್ಕೆ ಮುಗಿದುಹೋಗುತ್ತದೆ. ವೇಲ್ಸ್‌ನ ಗಣಿ ಪಟ್ಟಣದಲ್ಲಿ ಒಂದು ಹಾಡಿನ ತಂಡ ಅಭ್ಯಾಸಕ್ಕೆ ಸೇರುತ್ತದೆ. ಜನ ಒಬ್ಬೊಬ್ಬರೇ ಬರುತ್ತಾರೆ, ಕೋಟು ಬಿಚ್ಚುತ್ತಾರೆ, ಪಿಯಾನೋ ಶುರುವಾಗುತ್ತದೆ, ಹ್ಯಾಂಡೆಲ್‌ನ ಸಂಗೀತ. ಹಾಡು ಏಳುತ್ತಿದ್ದ ಹಾಗೆ ಕ್ಯಾಮೆರಾ ಆ ಕೋಣೆ ಬಿಟ್ಟು ಹೊರಗೆ ಹೋಗುತ್ತದೆ. ಬೀದಿ, ಅಂಗಡಿ, ಊಟದ ಮೇಜು. ಹಾಡು ಮಾತ್ರ ಎಲ್ಲ ಕಡೆ ಹಿಂದೆಯೇ ಬರುತ್ತದೆ. ಹಾಡದವರ ಮೇಲೂ ಹಾಡು ಬಂದು ಕೂರುತ್ತದೆ. ಇವನ ಶೈಲಿ ಅಂತ ನಾವು ಈಗ ಯಾವುದಕ್ಕೆ ಹೇಳುತ್ತೇವೋ ಅದರ ಬೀಜ ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಇದೇ ಚಿತ್ರದಲ್ಲಿ ಇನ್ನೊಂದು ದೃಶ್ಯ ಇದೆ, ಅದರ ಬಗ್ಗೆ ಆಗಲೇ ಜಗಳ ಆಯಿತು. ಹತ್ತಿ ಗಿರಣಿ ಪ್ರದೇಶದ ಹುಡುಗಿಯರು ಬಾಯಲ್ಲಿ ಕಜೂ ಊದುತ್ತಾ ಬಟಾಬಯಲಿನಲ್ಲಿ ಕವಾಯತು ಮಾಡುತ್ತಾರೆ. ಕಜೂ ಅಂದರೆ ಮಕ್ಕಳ ಪೀಪಿ ಥರದ್ದು. ತೆಳು ಹೊಳಪಿನ ಬಟ್ಟೆ, ಬೀಸುವ ಗಾಳಿ. ಗ್ರಿಯರ್ಸನ್ ಬಳಗದವರಿಗೆ ಸಿಟ್ಟು ಬಂತು. ಕಾರ್ಮಿಕರನ್ನು ಲೇವಡಿ ಮಾಡಿದ್ದಾನೆ ಅಂದರು. ನನಗೆ ಹಾಗೆ ಕಾಣುವುದಿಲ್ಲ. ಅವರಿಗೆ ಕಾರ್ಮಿಕ ಅಂದರೆ ಬೆವರು ಸುರಿಸುವ, ಕೆಳಗಿನಿಂದ ಕ್ಯಾಮೆರಾ ಇಟ್ಟು ತೆಗೆದ ವೀರ. ಜೆನ್ನಿಂಗ್ಸ್ ಹೋಗಿ ನೋಡಿದಾಗ ಅಲ್ಲಿ ಇದ್ದದ್ದು ಪೀಪಿ ಊದುವ ಹುಡುಗಿಯರು. ತೆಗೆದ. ಇದು ಒಳ್ಳೆಯದು, ಇದು ಕೆಟ್ಟದ್ದು ಅಂತ ಹೇಳಿಕೊಡುವ ದನಿ ಇಲ್ಲದಿದ್ದರೆ ನೋಡುವವರಿಗೆ ಎಷ್ಟು ಕಸಿವಿಸಿ ಆಗುತ್ತದೆ ಅನ್ನೋದಕ್ಕೆ ಈ ಜಗಳವೇ ಉದಾಹರಣೆ, ಅಲ್ವಾ?

ಯುದ್ಧ ಬಂತು. ಅಂಚೆ ಘಟಕ 1940ರಲ್ಲಿ ಕ್ರೌನ್ ಫಿಲ್ಮ್ ಯೂನಿಟ್ ಆಯಿತು. ಲಂಡನ್ ಮೇಲೆ ರಾತ್ರಿ ರಾತ್ರಿ ಬಾಂಬು. ಹ್ಯಾರಿ ವಾಟ್ ಜೊತೆ ಸೇರಿ 'ಲಂಡನ್ ಕ್ಯಾನ್ ಟೇಕ್ ಇಟ್' ಮಾಡಿದ. ಅದರ ತುಂಬ ಮಾತು. ಮಾತಾಡುವವನು ಕ್ವೆಂಟಿನ್ ರೆನಾಲ್ಡ್ಸ್ ಅನ್ನುವ ಅಮೆರಿಕನ್ ಪತ್ರಕರ್ತ. ಆಗಿನ್ನೂ ಅಮೆರಿಕ ಯುದ್ಧಕ್ಕೆ ಇಳಿದಿರಲಿಲ್ಲ, ಅಲ್ಲಿನ ಜನರ ಮನಸ್ಸು ತಿರುಗಿಸಬೇಕು, ಅದಕ್ಕೆ ಅವರದೇ ದನಿ. ಕೆಲಸ ಆಯಿತು, ಸರಿ. 1941ರ 'ವರ್ಡ್ಸ್ ಫಾರ್ ಬ್ಯಾಟಲ್'ನಲ್ಲಿ ಇವನು ಜಾಣತನ ಮಾಡಿದ. ದನಿ ಬೇಕು ತಾನೇ, ಇಟ್ಟುಕೊಳ್ಳಿ ಅಂತ ನಟ ಲಾರೆನ್ಸ್ ಒಲಿವಿಯೆ ಕೈಯಲ್ಲಿ ಓದಿಸಿದ. ಆದರೆ ಏನು ಓದಿಸಿದ? ಮಿಲ್ಟನ್, ಬ್ಲೇಕ್, ಬ್ರೌನಿಂಗ್, ಕಿಪ್ಲಿಂಗ್. ಕೊನೆಗೆ ಲಿಂಕನ್‌ನ ಗೆಟಿಸ್‌ಬರ್ಗ್ ಭಾಷಣ, ಅದು ಕೇಳುತ್ತಿರುವಾಗ ಲಂಡನ್ನಿನ ಲಿಂಕನ್ ಪ್ರತಿಮೆಯ ಮುಂದೆ ಟ್ಯಾಂಕುಗಳು ಹಾದುಹೋಗುತ್ತವೆ. ನಿರೂಪಕ ಇದ್ದಾನೆ, ಆದರೆ ತೆರೆ ಮೇಲೆ ಕಾಣುವುದನ್ನು ವಿವರಿಸುತ್ತಿಲ್ಲ. ಅವನ ಪಾಡಿಗೆ ಅವನು, ಚಿತ್ರದ ಪಾಡಿಗೆ ಚಿತ್ರ. ನಡುವೆ ಆಗುವ ತಿಕ್ಕಾಟ ನಮ್ಮ ಪಾಲಿಗೆ.

ಅದಾದ ಮೇಲೆ 'ಲಿಸನ್ ಟು ಬ್ರಿಟನ್'. ಇದರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಒಂದು ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ, ಹೆಚ್ಚುಕಮ್ಮಿ ಒಂದು ದಿನ. ಬ್ಲ್ಯಾಕ್‌ಪೂಲ್‌ನ ದೊಡ್ಡ ಬಾಲ್‌ರೂಮಿನಲ್ಲಿ ಸೈನಿಕರೂ ಹುಡುಗಿಯರೂ ಕುಣಿಯುತ್ತಾರೆ, ಹೊರಗೆ ಕತ್ತಲೆಯಲ್ಲಿ ಕಾವಲಿನವರು ಸಮುದ್ರ ನೋಡುತ್ತಾ ನಿಂತಿದ್ದಾರೆ. ರಾತ್ರಿ ಸಿಗ್ನಲ್‌ಗೆ ಕಾಯುತ್ತಾ ನಿಂತ ರೈಲಿನಲ್ಲಿ ಕೆನಡಾದ ಸೈನಿಕರು ತಮ್ಮ ಕಡೆಯ ಬಯಲು ನೆನೆಸಿಕೊಂಡು ಹಾಡುತ್ತಾರೆ. ಬೆಳಗಾಗುತ್ತದೆ, ಹಕ್ಕಿಗಳು, ಫ್ಯಾಕ್ಟರಿಗೆ ಹೊರಟ ಜನ. ಆಮೇಲೆ ಒಂದು ಶಾಲೆಯ ಅಂಗಳ. ಮಕ್ಕಳು ಜೋಡಿ ಜೋಡಿಯಾಗಿ ಕೈ ಹಿಡಿದು ಸುತ್ತುತ್ತಾರೆ, ಪಿಯಾನೋ ನುಡಿಯುತ್ತಿದೆ. ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಆ ಸದ್ದಿಗೆ ಕಿವಿಕೊಟ್ಟು ಹೊರಗೆ ನೋಡುತ್ತಾಳೆ. ಕಟ್ ಮಾಡಿದರೆ ಸಮವಸ್ತ್ರದಲ್ಲಿರುವ ಗಂಡಸಿನ ಫೋಟೋ. ಮತ್ತೆ ಮಕ್ಕಳು. ಅಷ್ಟರಲ್ಲಿ ದೂರದಿಂದ ಗಡಗಡ ಸದ್ದು ಏಳುತ್ತದೆ, ಪಿಯಾನೋ ಅದರ ಅಡಿಯಲ್ಲಿ ಮುಳುಗುತ್ತದೆ, ಹಳ್ಳಿಯ ಕಿರಿದಾದ ಬೀದಿಯಲ್ಲಿ ಸೇನೆಯ ಗಾಡಿಗಳು ಸಾಲಾಗಿ ಬರುತ್ತವೆ. ಒಂದು ನಿಮಿಷ ಕೂಡ ಇಲ್ಲ. ಅವಳ ಹೆಸರು ಗೊತ್ತಿಲ್ಲ, ಫೋಟೋದಲ್ಲಿರುವವನು ಎಲ್ಲಿದ್ದಾನೋ, ಬದುಕಿದ್ದಾನೋ ಗೊತ್ತಿಲ್ಲ, ಅಲ್ಲಿ ಕುಣಿಯುವ ಮಕ್ಕಳಲ್ಲಿ ಅವಳದೂ ಒಂದಿದೆಯಾ ಅನ್ನುವುದೂ ಗೊತ್ತಿಲ್ಲ. ಇಲ್ಲಿ ಒಂದೇ ಒಂದು ವಾಕ್ಯದ ವಾಯ್ಸ್ ಓವರ್ ಹಾಕಿದ್ದರೂ ಎಲ್ಲ ಕೆಟ್ಟುಹೋಗುತ್ತಿತ್ತು.

ಇನ್ನೊಂದು ಕಟ್ ಇದೆ, ಸಿನಿಮಾ ಪಾಠ ಹೇಳುವವರೆಲ್ಲ ತೋರಿಸುವಂಥದ್ದು. ಫ್ಯಾಕ್ಟರಿ ಕ್ಯಾಂಟೀನ್. ಫ್ಲಾನಗನ್ ಮತ್ತು ಆಲೆನ್ ಅನ್ನುವ ಹಾಸ್ಯಜೋಡಿ ಸ್ಟೇಜ್ ಮೇಲೆ ಹಾಡುತ್ತಿದೆ. ಊಟದ ತಟ್ಟೆ ಮುಂದಿಟ್ಟುಕೊಂಡ ಕಾರ್ಮಿಕರು ಸಿಳ್ಳೆ ಹಾಕುತ್ತಾ ದನಿಗೂಡಿಸುತ್ತಿದ್ದಾರೆ. ಹಾಡಿನ ಕೊನೆಯ ಸ್ವರ ಇನ್ನೂ ಗಾಳಿಯಲ್ಲಿ ಇರುವಾಗಲೇ ಕಟ್. ಲಂಡನ್ನಿನ ಚಿತ್ರಕಲಾ ಸಂಗ್ರಹಾಲಯ ನ್ಯಾಷನಲ್ ಗ್ಯಾಲರಿ. ಪಿಯಾನೋ ಮುಂದೆ ಮೈರಾ ಹೆಸ್, ಸುತ್ತ ವಾಯುಪಡೆಯ ಆರ್ಕೆಸ್ಟ್ರಾ, ಮೊಜಾರ್ಟ್. ಕ್ಯಾಂಟೀನ್ ಹಾಡು ಬಿಟ್ಟ ಜಾಗದಿಂದಲೇ ಮೊಜಾರ್ಟ್ ಎತ್ತಿಕೊಂಡ ಹಾಗೆ ಕೇಳುತ್ತದೆ. ಸಭೆಯಲ್ಲಿ ರಾಣಿ ಇದ್ದಾಳೆ, ಆದರೆ ಕ್ಯಾಮೆರಾ ಅವಳಿಗೆ ನಮಸ್ಕಾರ ಹೊಡೆಯುತ್ತಾ ನಿಲ್ಲುವುದಿಲ್ಲ. ಸ್ಯಾಂಡ್‌ವಿಚ್ ತಿನ್ನುವವರು, ಖಾಲಿ ಚೌಕಟ್ಟುಗಳು, ಮರಳು ಮೂಟೆಗಳು ಎಲ್ಲ ಸರಿಸಮ. ಚೌಕಟ್ಟು ಯಾಕೆ ಖಾಲಿ ಅಂದರೆ, ಬಾಂಬಿಗೆ ಹೆದರಿ ಚಿತ್ರಗಳನ್ನೆಲ್ಲ ವೇಲ್ಸ್ ಕಡೆಗೆ ಸಾಗಿಸಿದ್ದರು. ಬರಿದಾದ ಆ ಕಟ್ಟಡದಲ್ಲಿ ಮೈರಾ ಹೆಸ್ 1939ರ ಅಕ್ಟೋಬರಿನಲ್ಲಿ ಮಧ್ಯಾಹ್ನದ ಸಂಗೀತ ಕಚೇರಿ ಶುರು ಮಾಡಿದ್ದರು. ಒಂದು ಶಿಲಿಂಗ್ ಟಿಕೆಟ್ಟು. 1946ರ ತನಕ 1,698 ಕಚೇರಿ ನಡೆದವು. ಇದನ್ನೆಲ್ಲ ನಾನು ಈಗ ಹೇಳುತ್ತಿದ್ದೇನೆ ನೋಡಿ, ಚಿತ್ರ ಹೇಳುವುದಿಲ್ಲ. ಖಾಲಿ ಚೌಕಟ್ಟು ತೋರಿಸಿ ಮುಂದೆ ಹೋಗುತ್ತದೆ.

ಆಗಲೂ ಎಲ್ಲರೂ ಒಪ್ಪಲಿಲ್ಲ. ಎಡ್ಗರ್ ಆನ್ಸ್ಟಿ ಅನ್ನುವ ಸಾಕ್ಷ್ಯಚಿತ್ರದವನೇ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ರೋಮ್ ಉರಿಯುವಾಗ ನೀರೋ ಪಿಟೀಲು ಬಾರಿಸಿದ್ದಕ್ಕೆ ಇದನ್ನು ಹೋಲಿಸಿ ಮೂದಲಿಸಿದ. ಇನ್ನೊಂದು ಎಡವಟ್ಟೂ ಆಯಿತು. ಮಾತಿಲ್ಲದ ಚಿತ್ರ ಜನಕ್ಕೆ ಅರ್ಥ ಆಗುತ್ತೋ ಇಲ್ಲವೋ ಅನ್ನುವ ಭಯಕ್ಕೆ, ಹೊರದೇಶಕ್ಕೆ ಕಳಿಸುವ ಪ್ರತಿಗೆ ಲಿಯೊನಾರ್ಡ್ ಬ್ರಾಕಿಂಗ್ಟನ್ ಅನ್ನುವ ಕೆನಡಾದ ಮನುಷ್ಯನ ಒಂದು ಮುನ್ನುಡಿ ಅಂಟಿಸಿದರು. ಅವನು ಬಂದು ಗಂಭೀರವಾಗಿ, ನೀವು ಈಗ ಏನೇನು ಕೇಳಲಿದ್ದೀರಿ ಅಂತ ವಿವರಿಸುತ್ತಾನೆ. ಮುಂಬಾಗಿಲಿನಿಂದ ಹೊರಗೆ ದಬ್ಬಿದ ನಿರೂಪಕ ಹಿತ್ತಿಲಿನಿಂದ ಒಳಗೆ ಬಂದ.

ಇಲ್ಲಿ ಇನ್ನೊಬ್ಬನ ಹೆಸರು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಸ್ಟುವರ್ಟ್ ಮ್ಯಾಕಲಿಸ್ಟರ್. ಎಡಿಟರ್. ಗ್ಲಾಸ್ಗೋ ಕಲಾಶಾಲೆಯಲ್ಲಿ ಓದಿದ ಸ್ಕಾಟಿಷ್ ಹುಡುಗ. 'ಲಿಸನ್ ಟು ಬ್ರಿಟನ್'ನ ಟೈಟಲ್ ಕಾರ್ಡಿನಲ್ಲಿ ನಿರ್ದೇಶನ ಮತ್ತು ಸಂಕಲನ ಎರಡಕ್ಕೂ ಇಬ್ಬರ ಹೆಸರನ್ನೂ ಒಟ್ಟಿಗೇ ಹಾಕಿದ್ದಾರೆ. ಆ ಕಾಲಕ್ಕೆ ಅಂತಲ್ಲ, ಈ ಕಾಲಕ್ಕೂ ಅದು ಅಪರೂಪ. ಆದರೂ ಕವಿ ಅಂತ ಹೆಸರು ಬಂದದ್ದು ಒಬ್ಬನಿಗೆ. ಡೈ ವಾನ್ ಅನ್ನುವವನು, ಅವನೂ ಎಡಿಟರೇ, 1983ರಲ್ಲಿ ಮ್ಯಾಕಲಿಸ್ಟರ್ ಬಗ್ಗೆ ಒಂದು ಪುಸ್ತಕ ಬರೆದ. ಕಣ್ಣಿಗೆ ಬೀಳದ ಮನುಷ್ಯನ ಚಿತ್ರ ಅನ್ನುವ ಅರ್ಥದ ಹೆಸರು ಅದಕ್ಕೆ. ಜೆನ್ನಿಂಗ್ಸ್‌ನ ಕಾವ್ಯ ಇರುವುದು ಎರಡು ಶಾಟ್ ಕೂಡುವ ಜಾಗದಲ್ಲಿ ಅಂತ ಒಪ್ಪಿಕೊಂಡರೆ, ಆ ಜಾಗದಲ್ಲಿ ಕತ್ತರಿ ಹಿಡಿದು ಕೂತಿದ್ದವನನ್ನು ಬಿಡೋಕೆ ಆಗುತ್ತಾ?

ಒಂದು ಸ್ವಂತ ಅನುಭವ. ನಾನೂ ಒಂದು ಕಾಲದಲ್ಲಿ ಹನ್ನೆರಡು ನಿಮಿಷದ ಒಂದು ಚಿತ್ರ ಮಾಡಿ, ಶುರುವಿನಿಂದ ಕೊನೆಯವರೆಗೂ ನನ್ನದೇ ದನಿ ತುಂಬಿ, ಹಿರಿಯ ಎಡಿಟರ್ ಒಬ್ಬರಿಗೆ ತೋರಿಸಿದ್ದೆ. ಅವರು ಏನೂ ಹೇಳದೆ ನನ್ನ ದನಿಯ ಟ್ರ್ಯಾಕ್ ಮ್ಯೂಟ್ ಮಾಡಿ ಮತ್ತೊಮ್ಮೆ ಓಡಿಸಿದರು. ಏನೂ ಉಳಿದಿರಲಿಲ್ಲ. ಶಾಟ್‌ಗಳ ನಡುವೆ ಮಾತೇ ಇರಲಿಲ್ಲ, ನಾನೊಬ್ಬನೇ ಮಾತಾಡಿದ್ದೆ.

1943ರ 'ಫೈರ್ಸ್ ವರ್ ಸ್ಟಾರ್ಟೆಡ್' ಸ್ವಲ್ಪ ಬೇರೆ ಜಾತಿ. ಲಂಡನ್ನಿನ ಬಂದರು ಕಡೆಯ ಅಗ್ನಿಶಾಮಕ ದಳದ ಒಂದು ಹಗಲು, ಒಂದು ರಾತ್ರಿ. ನಟರಿಲ್ಲ, ನಿಜವಾದ ಅಗ್ನಿಶಾಮಕದವರೇ. ಆದರೆ ದೊಡ್ಡ ಬಾಂಬ್ ದಾಳಿಗಳು 1941ರ ಮೇ ತಿಂಗಳಿಗೇ ಮುಗಿದಿದ್ದವು, ಶೂಟಿಂಗ್ ನಡೆದದ್ದು 1942ರಲ್ಲಿ. ಹಾಗಾಗಿ ಪಾಳುಬಿದ್ದ ಗೋದಾಮಿಗೆ ಬೆಂಕಿ ಹಚ್ಚಿ ತೆಗೆದರು. ಅಯ್ಯೋ, ಹಾಗಾದರೆ ಇದು ಸಾಕ್ಷ್ಯಚಿತ್ರ ಹೇಗೆ ಅಂತ ಕೇಳುವವರು ಕೇಳಲಿ. ನನಗೆ ಇಷ್ಟವಾದದ್ದು ಬೆಂಕಿಯ ದೃಶ್ಯವೇ ಅಲ್ಲ, ಅದಕ್ಕೆ ಮುಂಚಿನದು. ಕೆಲಸಕ್ಕೆ ಹೊಸದಾಗಿ ಸೇರಿದವನೊಬ್ಬ ಪಿಯಾನೋ ಮುಂದೆ ಕೂತು 'ಒನ್ ಮ್ಯಾನ್ ವೆಂಟ್ ಟು ಮೋ' ಅನ್ನುವ ಎಣಿಕೆಯ ಹಾಡು ನುಡಿಸುತ್ತಾನೆ. ಹಾಡಿನಲ್ಲಿ ಒಬ್ಬೊಬ್ಬರೇ ಜಾಸ್ತಿ ಆಗುತ್ತಾ ಹೋದ ಹಾಗೆ ಬಾಗಿಲಿನಿಂದ ಒಬ್ಬೊಬ್ಬರೇ ಯೂನಿಫಾರ್ಮ್ ಹಾಕಿಕೊಂಡು ಬರುತ್ತಾರೆ. ಎಲ್ಲರೂ ನಗುತ್ತಿದ್ದಾರೆ. ಇವರಲ್ಲಿ ಒಬ್ಬ ಬೆಳಗಿಗೆ ಇರುವುದಿಲ್ಲ.

ಈಗ ನನ್ನ ವಾದಕ್ಕೆ ಮುಖ್ಯವಾದ ಚಿತ್ರಕ್ಕೆ ಬರುತ್ತೇನೆ. 'ದ ಸೈಲೆಂಟ್ ವಿಲೇಜ್', ಅದೂ 1943ರದ್ದೇ. ಹಿಂದಿನ ವರ್ಷ ಜೂನ್ 10ರಂದು ಜೆಕೊಸ್ಲೊವಾಕಿಯಾದ ಲಿಡಿಟ್ಸೆ ಅನ್ನುವ ಗಣಿ ಕಾರ್ಮಿಕರ ಹಳ್ಳಿಯನ್ನು ನಾತ್ಸಿಗಳು ನೆಲಸಮ ಮಾಡಿದ್ದರು. ಅಲ್ಲಿ ಆಡಳಿತ ನಡೆಸುತ್ತಿದ್ದ ನಾತ್ಸಿ ಅಧಿಕಾರಿ ಹೈಡ್ರಿಕ್‌ನ ಕೊಲೆಗೆ ಸೇಡು. 173 ಗಂಡಸರನ್ನು ಅಲ್ಲೇ ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ಜೆನ್ನಿಂಗ್ಸ್ ಆ ಕಥೆಯನ್ನು ವೇಲ್ಸ್‌ನ ಕುಮ್‌ಗೀದ್ ಅನ್ನುವ ಗಣಿ ಹಳ್ಳಿಗೆ ತಂದ. ಇದು ಇಲ್ಲೇ ಆಗಿದ್ದರೆ? ಅಲ್ಲಿನ ಗಣಿಯವರ ಮನೆಯಲ್ಲೇ ತಿಂಗಳುಗಟ್ಟಲೆ ಉಳಿದುಕೊಂಡು, ಅವರನ್ನೇ ಇಟ್ಟುಕೊಂಡು ಮಾಡಿದ.

ಮೊದಲ ಭಾಗದಲ್ಲಿ ಹಳ್ಳಿ ತನ್ನ ಪಾಡಿಗೆ ವೆಲ್ಷ್ ಭಾಷೆಯಲ್ಲಿ ಮಾತಾಡಿಕೊಂಡು, ಪ್ರಾರ್ಥನೆ ಹಾಡಿಕೊಂಡು ಇರುತ್ತದೆ. ಅರ್ಥ ಹೇಳುವವರು ಯಾರೂ ಇಲ್ಲ. ಆಮೇಲೆ ಧ್ವನಿವರ್ಧಕ ಕಟ್ಟಿದ ಒಂದು ಕಪ್ಪು ಕಾರು ಬರುತ್ತದೆ. ಇಡೀ ಚಿತ್ರದಲ್ಲಿ ಜರ್ಮನ್ ಸೈನಿಕನ ಮುಖ ಒಂದೂ ಕಾಣುವುದಿಲ್ಲ. ಕಾಣುವುದು ಆ ಕಾರು, ಕೇಳುವುದು ಅದರ ದನಿ. ಇಂಥದ್ದು ಮಾಡಬೇಡಿ, ಇಂಥದ್ದು ನಿಷೇಧ, ಇನ್ನು ಮೇಲೆ ಹೀಗೆ. ಶಾಲೆಯಲ್ಲಿ ವೆಲ್ಷ್ ಮಾತಾಡುವಂತಿಲ್ಲ ಅಂತ ಆಜ್ಞೆ ಆಗುತ್ತದೆ. ಟೀಚರ್ ಮಕ್ಕಳ ಮುಂದೆ ನಿಂತು, ಇನ್ನು ಇಲ್ಲಿ ನಮ್ಮ ಭಾಷೆ ಆಡುವ ಹಾಗಿಲ್ಲ, ಆದರೆ ಮರೆಯಬೇಡಿ ಅಂತ ಅದೇ ಭಾಷೆಯಲ್ಲಿ ಹೇಳುತ್ತಾರೆ. ಕೊನೆಗೆ ಗಂಡಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತು ಹಾಡುತ್ತಾರೆ.

ಗಮನಿಸಿ. ಮುಖವಿಲ್ಲದ, ಎಲ್ಲ ಬಲ್ಲ, ಜನರ ತಲೆ ಮೇಲಿನಿಂದ ಬಂದು ಏನು ಮಾಡಬೇಕು ಅಂತ ಹೇಳುವ ದನಿ. ಸಾಕ್ಷ್ಯಚಿತ್ರದ ನಿರೂಪಕನೇ ಅಲ್ವಾ ಅದು? ಜೆನ್ನಿಂಗ್ಸ್ ಅವನನ್ನು ಹಿಡಿದು ಕಪ್ಪು ಕಾರಿನಲ್ಲಿ ಕೂರಿಸಿದ, ಶತ್ರುವಿನ ಪಾತ್ರ ಕೊಟ್ಟ. ಬೇಕಂತಲೇ ಮಾಡಿದನೋ ಇಲ್ಲವೋ, ನನಗೆ ಮಾತ್ರ ಅದು ಹಾಗಲ್ಲದೆ ಬೇರೆ ಥರ ಕೇಳಿಸುವುದಿಲ್ಲ.

ಹಾಗಿರುವಾಗ 1945ರ 'ಎ ಡೈರಿ ಫಾರ್ ತಿಮೊಥಿ' ನೋಡಿದರೆ ಸ್ವಲ್ಪ ಬೇಜಾರಾಗುತ್ತದೆ. 1944ರ ಸೆಪ್ಟೆಂಬರ್ 3ರಂದು, ಯುದ್ಧ ಶುರುವಾಗಿ ಸರಿಯಾಗಿ ಐದು ವರ್ಷಕ್ಕೆ ಹುಟ್ಟಿದ ಒಂದು ಮಗು. ಆ ಮಗುವಿಗೆ ಹೇಳುವ ಹಾಗೆ ನಿರೂಪಣೆ. ಬರೆದದ್ದು ಕಾದಂಬರಿಕಾರ ಇ. ಎಂ. ಫಾರ್ಸ್ಟರ್, ಓದಿದ್ದು ನಟ ಮೈಕೆಲ್ ರೆಡ್‌ಗ್ರೇವ್. ಮಾತು ತುಂಬ ನವಿರು, ತುಂಬ ಸಂಭಾವಿತ. ಆದರೂ ಅದು ತೊಟ್ಟಿಲ ಪಕ್ಕ ಬಗ್ಗಿ ನಿಂತ ದೊಡ್ಡಮನುಷ್ಯನ ಮಾತು. ಮಾತು ಸರಿದು ನಿಂತ ಕಡೆ ಮಾತ್ರ ಹಳೆಯ ಜೆನ್ನಿಂಗ್ಸ್ ಎದ್ದು ಬರುತ್ತಾನೆ. ಜಾನ್ ಗೀಲ್‌ಗುಡ್ ರಂಗದ ಮೇಲೆ ಹ್ಯಾಮ್ಲೆಟ್, ಸಮಾಧಿ ತೋಡುವ ದೃಶ್ಯ, ಕೈಯಲ್ಲಿ ತಲೆಬುರುಡೆ. ಇನ್ನೊಂದು ಕಡೆ ಕ್ಯಾಂಟೀನಿನಲ್ಲಿ ಒಬ್ಬ ಹೊಸ ಜರ್ಮನ್ ರಾಕೆಟ್ ಹೇಗೆ ಬಂದು ಬೀಳುತ್ತದೆ ಅಂತ ಗೆಳೆಯರಿಗೆ ವಿವರಿಸುತ್ತಿದ್ದಾನೆ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ವಿವರಣೆ ಮುಗಿಯುವ ಮುಂಚೆಯೇ ಎಲ್ಲೋ ಸ್ಫೋಟ. ಮಾತು ನಿಲ್ಲುತ್ತದೆ.

ಯುದ್ಧ ಮುಗಿದ ಮೇಲಿನ ಚಿತ್ರಗಳನ್ನು ಬೇಗ ದಾಟಿಬಿಡುತ್ತೇನೆ. ಸೋತ ಜರ್ಮನಿಯ ಮೇಲೆ ಒಂದು, ಗಣಿಯ ಮೇಲೆ ಒಂದು. 1950ರ 'ಫ್ಯಾಮಿಲಿ ಪೋರ್ಟ್ರೇಟ್' ಬ್ರಿಟನ್ ಉತ್ಸವಕ್ಕೆ ಮಾಡಿದ್ದು, ತುಂಬ ಹೊಗಳಿಕೆಯ, ತುಂಬ ಮಾತಿನ ಚಿತ್ರ. ಆಂಡರ್ಸನ್‌ನಂಥ ಅಭಿಮಾನಿಗೇ ಅದು ಹಿಡಿಸಲಿಲ್ಲ. ಯುದ್ಧದಲ್ಲಿ ಅವನಿಗೆ ಸಿಕ್ಕಿದ್ದ ಅನುಕೂಲ ಈಗ ಇರಲಿಲ್ಲ ಅಂತ ನನ್ನ ಅನಿಸಿಕೆ. ಆಗ ಒಂದು ಟೀ ಕಪ್ಪು ತೋರಿಸಿದರೆ ಸಾಕಿತ್ತು, ಮೇಲೆ ವಿಮಾನ ಇದೆ ಅನ್ನುವುದು ನೋಡುವ ಪ್ರತಿಯೊಬ್ಬನಿಗೂ ಗೊತ್ತಿತ್ತು. ಶಾಂತಿಕಾಲದ ಟೀ ಕಪ್ಪಿಗೆ ವಿವರಣೆ ಬೇಕಾಯಿತು.

ಅದೇ ವರ್ಷ ಸೆಪ್ಟೆಂಬರ್ 24ರಂದು, ಯುರೋಪಿನ ಆರೋಗ್ಯದ ಕುರಿತ ಒಂದು ಚಿತ್ರಕ್ಕೆ ಜಾಗ ಹುಡುಕುತ್ತಾ ಗ್ರೀಸಿನ ಪೊರೊಸ್ ದ್ವೀಪದಲ್ಲಿ ಬಂಡೆ ಹತ್ತುವಾಗ ಜಾರಿ ಬಿದ್ದು ಸತ್ತ. 43 ವರ್ಷ.

ಅವನು ಬಿಟ್ಟುಹೋದ ಗಂಟಿನಲ್ಲಿ ಒಂದು ದೊಡ್ಡ ಹಸ್ತಪ್ರತಿ ಇತ್ತು. 'ಪ್ಯಾಂಡಮೋನಿಯಂ'. 1660ರಿಂದ 1886ರವರೆಗೆ ಯಂತ್ರಯುಗ ಬರುವುದನ್ನು ಕಣ್ಣಾರೆ ಕಂಡವರ ಕಾಗದ, ದಿನಚರಿ, ಕವಿತೆ, ವರದಿಗಳಿಂದ ಆಯ್ದ ತುಂಡುಗಳು. ವೇಲ್ಸ್‌ನಲ್ಲಿ ಶೂಟಿಂಗ್ ಮಾಡುವಾಗ ಗಣಿಯವರಿಗೆ ಕೈಗಾರಿಕಾ ಕ್ರಾಂತಿಯ ಬಗ್ಗೆ ಉಪನ್ಯಾಸ ಕೊಟ್ಟಿದ್ದ, ಅದರಿಂದ ಈ ಕೆಲಸಕ್ಕೆ ಇನ್ನಷ್ಟು ಕಾವು ಬಂತು. ಆ ತುಂಡುಗಳಿಗೆ ಅವನು ಇಟ್ಟ ಹೆಸರು ಇಮೇಜ್‌ಗಳು, ಬಿಂಬಗಳು ಅಂತ. ಪುಸ್ತಕ ಹೊರಬಂದದ್ದು 1985ರಲ್ಲಿ, ಅವನ ಮಗಳು ಮತ್ತು ಹಳೆಯ ಗೆಳೆಯ ಮ್ಯಾಜ್ ಸೇರಿ ತಂದದ್ದು. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಸಿರು ಹುಲ್ಲುಗಾವಲು ಸೀಳಿಕೊಂಡು ಫ್ಯಾಕ್ಟರಿ ಚಿಮಣಿಗಳು ಏಳುತ್ತವಲ್ಲ, ನೆನಪಿದೆಯಾ? ಆ ಭಾಗದ ಹಿಂದೆ ಇದ್ದದ್ದು ಈ ಪುಸ್ತಕ.

ಇಲ್ಲಿಗೆ ಬರುವ ಮುಂಚೆ ಗೆಳೆಯನೊಬ್ಬ ಕೇಳಿದ, ಏನಯ್ಯಾ, ಬ್ರಿಟಿಷರ ಪ್ರಚಾರಚಿತ್ರಕ್ಕೆ ಇಷ್ಟೆಲ್ಲ ಹೊಗಳಿಕೆ ಯಾಕೆ ಅಂತ. ನ್ಯಾಯವಾದ ಪ್ರಶ್ನೆ. 'ಲಿಸನ್ ಟು ಬ್ರಿಟನ್' ಬಂದ ವರ್ಷವೇ, 1942ರ ಆಗಸ್ಟಿನಲ್ಲಿ, ಇಲ್ಲಿ ಕ್ವಿಟ್ ಇಂಡಿಯಾ ಶುರುವಾಗಿ, ನಾಯಕರನ್ನೆಲ್ಲ ಜೈಲಿಗೆ ಹಾಕಿದರು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಚಿತ್ರದ ಕೊನೆಗೆ ಬ್ರಿಟನ್ನಿನ ದೇಶಭಕ್ತಿ ಗೀತೆ 'ರೂಲ್ ಬ್ರಿಟಾನಿಯಾ' ಕೇಳಿಬರುತ್ತದೆ. ಬ್ರಿಟನ್ನನ್ನು ಕೇಳಿ ಅನ್ನುವ ಚಿತ್ರದಲ್ಲಿ, ಆ ಬ್ರಿಟನ್ನಿನ ಅಡಿಯಲ್ಲಿದ್ದ ನಮ್ಮ ದನಿ ಇಲ್ಲ. ವೆಲ್ಷ್ ಹಳ್ಳಿಯ ಶಾಲೆಯಲ್ಲಿ ಭಾಷೆ ಕಸಿದುಕೊಳ್ಳುವುದನ್ನು ಅಷ್ಟು ಸೂಕ್ಷ್ಮವಾಗಿ ತೋರಿಸಿದವನಿಗೆ, ಆ ಕೆಲಸ ಬ್ರಿಟನ್ನಿನ ಆಳ್ವಿಕೆಯಲ್ಲೇ ವೆಲ್ಷ್ ಶಾಲೆಗಳಲ್ಲಿ ಹಿಂದೆ ನಡೆದಿತ್ತು ಅನ್ನುವುದು ಗೊತ್ತಿರಲಿಲ್ಲವೇ? ಗೊತ್ತಿದ್ದಿರಲೇಬೇಕು. ನಾನು ಈ ಚಿತ್ರಗಳನ್ನು ನೋಡುವಾಗ ಇದನ್ನು ಮರೆಯುವುದಿಲ್ಲ. ಆದರೆ ಮಾತಿಲ್ಲದ ಚಿತ್ರದಲ್ಲಿ ಒಂದು ಅನುಕೂಲ ಇದೆ. ಹೀಗೆ ಅಂದುಕೊಳ್ಳಬೇಕು ಅಂತ ಯಾರೂ ಹೇಳದೆ ಇರುವುದರಿಂದ, ನಾವು ನಮ್ಮ ಸಿಟ್ಟನ್ನೂ ಒಳಗೆ ತೆಗೆದುಕೊಂಡು ಹೋಗಬಹುದು. ಆ ಹೆಂಗಸು ಫೋಟೋ ನೋಡುವಾಗ ಆ ಸಿಟ್ಟು ಏನಾಗುತ್ತದೆ ಅಂತ ನೀವೇ ನೋಡಿ.

ಸಾಕು, ಚಿತ್ರಕ್ಕಿಂತ ನನ್ನ ಮಾತೇ ಉದ್ದ ಆಯಿತು, ಅದೂ ಇಂಥವನ ಬಗ್ಗೆ. ನಮ್ಮ ಹತ್ತಿರ ಇರುವ ಪ್ರತಿಯಲ್ಲಿ ಬ್ರಾಕಿಂಗ್ಟನ್ ಮುನ್ನುಡಿ ಇದೆ. ಪ್ರೊಜೆಕ್ಟರ್ ಹತ್ತಿರ ಇರುವವರು ದಯವಿಟ್ಟು ಅದನ್ನು ದಾಟಿಸಿ, ಮರದ ಎಲೆಗಳು ಅಲ್ಲಾಡುವ ಕಡೆಯಿಂದ ಶುರು ಮಾಡಿ. ಹಿಂದೆ ಆ ಫ್ಯಾನ್ ಆಫ್ ಮಾಡ್ತೀರಾ? ಸೌಂಡ್ ಇನ್ನೂ ಸ್ವಲ್ಪ ಜಾಸ್ತಿ ಇಡಿ.